ಹೆಲ್ತ್ ‘ಓಕೆ’ ಅಂದ ಹಾರ್ಡ್ ಡಿಸ್ಕ್

ಹಾಸನದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಕೆಲವು ವರ್ಷಗಳ ಹಿಂದೆ ಪಕ್ಕದ ಬೀದಿಯ ಸ್ಟುಡಿಯೊ ಹುಡುಗ ಸಿಪಿಯು ಹೊತ್ತು ತಂದ. ಮದುವೆ ಫೋಟೊ ತೆಗೆಯುವವನು. “ಅಣ್ಣಾ, ಫೋಲ್ಡರ್ ತೆಗೆದ್ರೆ ಸುತ್ತುತ್ತಾನೇ ಇರುತ್ತೆ” ಅಂದ.

ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ವಿಂಡೋಸ್‌ಗಿಂತ ಮೊದಲು ಓಡುವ ಪ್ರೋಗ್ರಾಮ್‌ನಲ್ಲಿ ನೋಡಿದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ, ಅಂದರೆ ಸ್ಮಾರ್ಟ್ ಸ್ಟೇಟಸ್, ‘ಓಕೆ’. ವಿಂಡೋಸ್ ಒಳಗೂ ‘ಓಕೆ’. ಡಿಸ್ಕ್ ಚೆನ್ನಾಗಿದೆ, ಯೋಚನೆ ಮಾಡಬೇಡ ಅಂತ ಹೇಳಿ, ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಕೊಟ್ಟೆ. ಮೂರನೇ ವಾರಕ್ಕೆ ಅದೇ ಡಿಸ್ಕ್ ವಾಪಸ್ ಬಂತು. ಕಿವಿ ಹತ್ತಿರ ಹಿಡಿದರೆ ಟಕ್, ಟಕ್. ಸ್ವಲ್ಪ ಹೊತ್ತು ಸುಮ್ನೆ. ಮತ್ತೆ ಟಕ್. ನಾಲ್ಕು ಮದುವೆಯ ಫೋಟೊ ಅದರಲ್ಲಿತ್ತು. ಎರಡು ಮದುವೆಯವು ಕ್ಯಾಮೆರಾ ಕಾರ್ಡ್‌ನಲ್ಲಿ ಸಿಕ್ಕಿದವು. ಫೋಟೊ ಹೋಯಿತು ಅಂತ ಹೇಳಲು ಉಳಿದ ಎರಡು ಮನೆಗೆ ಅವನ ಜೊತೆ ನಾನೂ ಹೋಗಿದ್ದೆ. ಒಂದು ಮನೆಯಲ್ಲಿ ಮದುಮಗಳ ಅಜ್ಜಿ ಮದುವೆಯಾದ ತಿಂಗಳಲ್ಲೇ ತೀರಿಕೊಂಡಿದ್ದರು. ಅವರ ಕಡೆಯ ಫೋಟೊಗಳು ಅದರಲ್ಲೇ ಇದ್ದವು.

ಆಮೇಲೆ ಕೂತು ಓದಿದೆ. ಡಿಸ್ಕ್ ತನ್ನನ್ನು ತಾನೇ ಗಮನಿಸಿಕೊಂಡು ಒಂದಷ್ಟು ಲೆಕ್ಕ ಇಡುತ್ತದೆ. ಒಂದು ಸೆಕ್ಟರ್ (ಡೇಟಾ ಇಡುವ ಸಣ್ಣ ತುಣುಕು ಜಾಗ) ಓದಲು ಆಗದಿದ್ದರೆ ‘ಪೆಂಡಿಂಗ್’ ಅಂತ ಬರೆದುಕೊಳ್ಳುತ್ತದೆ. ಮುಂದೆ ಅಲ್ಲಿ ಬರೆಯುವಾಗಲೂ ಕೈಕೊಟ್ಟರೆ, ಮೀಸಲಿಟ್ಟ ಬೇರೆ ಸೆಕ್ಟರ್‌ಗೆ ಬದಲಾಯಿಸಿ ‘ರೀಅಲೊಕೇಟೆಡ್’ ಲೆಕ್ಕಕ್ಕೆ ಸೇರಿಸುತ್ತದೆ. ಆದರೆ ‘ಕೆಟ್ಟಿದೆ’ ಅಂತ ಬಾಯಿ ಬಿಡುವುದು ಕಂಪನಿ ಇಟ್ಟ ಮಿತಿ ದಾಟಿದಾಗ ಮಾತ್ರ. ಆ ಮಿತಿ ಎಷ್ಟು ಸಡಿಲ ಅಂದರೆ, ಎಷ್ಟೋ ಸೆಕ್ಟರ್ ಹೋದ ಮೇಲೂ ‘ಓಕೆ’ ಅನ್ನುತ್ತಿರುತ್ತದೆ. ನಾನು ನಂಬಿದ್ದು ಆ ಒಂದು ಪದವನ್ನು. ಅದರ ಹಿಂದಿನ ಲೆಕ್ಕವನ್ನು ನೋಡಿರಲೇ ಇಲ್ಲ.

2007ರಲ್ಲಿ ಗೂಗಲ್‌ನವರು ಒಂದು ಲಕ್ಷಕ್ಕೂ ಜಾಸ್ತಿ ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದರು. ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸುವಾಗ ಮೊದಲ ದೋಷ (ಸ್ಕ್ಯಾನ್ ಎರರ್) ಕಂಡ ಡಿಸ್ಕ್, ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಎರರ್ ಇಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳಲ್ಲಿ ಶೇಕಡಾ 56ರಷ್ಟಕ್ಕೆ ಸ್ಮಾರ್ಟ್‌ನ ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದೂ ಇರಲಿಲ್ಲ. ಹಾಗಾಗಿ ಡಿಸ್ಕ್ ಎಚ್ಚರಿಸಿದರೆ ನಾನು ತಕ್ಷಣ ನಂಬುತ್ತೇನೆ. ಚೆನ್ನಾಗಿದ್ದೇನೆ ಅಂದರೆ ನಂಬುವುದಿಲ್ಲ.

ಈಗ ಯಾವ ಸಿಸ್ಟಮ್ ಬಂದರೂ ಮೊದಲು ಈ ಲೆಕ್ಕಗಳನ್ನು ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪ್ರೋಗ್ರಾಮ್ ಹಾಕುತ್ತೇನೆ. ನೋಡುವುದು ಮೂರು ಸಾಲು: 05 (ರೀಅಲೊಕೇಟೆಡ್), ಸಿ5 (ಪೆಂಡಿಂಗ್), ಸಿ6 (ಸರಿಪಡಿಸಲಾಗದ ಸೆಕ್ಟರ್). ಕೊನೆಯ ಕಾಲಮ್ಮಿನ ಅಂಕಿ ಸೊನ್ನೆ ಇರಬೇಕು. ಒಂದು ಮಾತು: ಆ ಅಂಕಿಗಳು ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ಇರುತ್ತವೆ. ಅಲ್ಲಿ 10 ಕಂಡರೆ ಅದು 16. ಸೆಟ್ಟಿಂಗ್‌ನಲ್ಲಿ ದಶಮಾಂಶಕ್ಕೆ ಬದಲಾಯಿಸಿಕೊಳ್ಳಬಹುದು. ಸಿ7 ಏರಿದ್ದರೆ ಹೆದರಬೇಡಿ, ಅದು ಬಹುಪಾಲು ಡೇಟಾ ಕೇಬಲ್ ತೊಂದರೆ. ಕೇಬಲ್ ಬದಲಾಯಿಸಿ. ಹಳೆಯ ಅಂಕಿ ಹಾಗೇ ಉಳಿಯುತ್ತದೆ, ಮುಂದಕ್ಕೆ ಏರದಿದ್ದರೆ ಸಾಕು.

ಅದರಲ್ಲಿ ನೀಲಿ ಅಂದರೆ ಚೆನ್ನಾಗಿದೆ ಅಂತ. ಹಳದಿ ‘ಕಾಷನ್’ (ಎಚ್ಚರ) ಕಂಡರೆ ಫಾರ್ಮ್ಯಾಟ್ ಇಲ್ಲ, ವಿಂಡೋಸ್‌ನ ಚೆಕ್‌ಡಿಸ್ಕ್ ತಪಾಸಣೆ ಇಲ್ಲ, ಡಿಸ್ಕ್ ಪೂರ್ತಿ ಓದಿಸುವ ಲಾಂಗ್ ಟೆಸ್ಟ್ ಕೂಡ ಇಲ್ಲ. ಅದೆಲ್ಲ ಸೋತ ಡಿಸ್ಕ್‌ಗೆ ಇನ್ನಷ್ಟು ಕೆಲಸ ಕೊಟ್ಟಂತೆ. ಮೊದಲು ಡೇಟಾ ಹೊರಗೆ ಬರಬೇಕು. ಓದಲು ಒದ್ದಾಡುತ್ತಿದ್ದರೆ ಡೇಟಾ ಕಾಪಿ ಮಾಡುವ ಲಿನಕ್ಸ್‌ನ ಡಿಡಿರೆಸ್ಕ್ಯೂ ಪ್ರೋಗ್ರಾಮ್ ಹಾಕುತ್ತೇನೆ. ಅದು ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಕೈ ಹಾಕುತ್ತದೆ. ಟಕ್ ಟಕ್ ಸದ್ದು ಬಂದಿದ್ದರೆ ಅದನ್ನೂ ಮಾಡುವುದಿಲ್ಲ. ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಹತ್ತಿರ ಕಳಿಸುತ್ತೇನೆ.

ಸುತ್ತುವ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಸದ್ದೂ ಮಾಡುವುದಿಲ್ಲ. 90 ಪರ್ಸೆಂಟ್ ಹೆಲ್ತ್ ತೋರಿಸುತ್ತಿದ್ದ ಒಂದು ಎಸ್‌ಎಸ್‌ಡಿ, ಕರೆಂಟ್ ಹೋಗಿ ಬಂದ ಮೇಲೆ ಬಯಾಸ್‌ನಲ್ಲೇ ಕಾಣಲಿಲ್ಲ. ಆ ಪರ್ಸೆಂಟ್ ಹೇಳುವುದು ಬರೆದು ಬರೆದು ಎಷ್ಟು ಸವೆದಿದೆ ಅನ್ನುವುದನ್ನು ಅಷ್ಟೇ.

ಆ ಸ್ಟುಡಿಯೊ ಹುಡುಗ ಈಗಲೂ ನನ್ನ ಹತ್ತಿರವೇ ಬರುತ್ತಾನೆ. ಎರಡು ಡಿಸ್ಕ್‌ಗೆ ಕಾಪಿ ಆಗುವ ತನಕ ಕ್ಯಾಮೆರಾ ಕಾರ್ಡ್ ಅಳಿಸುವುದಿಲ್ಲ. ಕಳೆದ ತಿಂಗಳು ಅವನ ಡಿಸ್ಕ್ ನೋಡಿ, “ನೀಲಿ ಇದೆ ಕಣೋ, ಮೂರೂ ಸೊನ್ನೆ” ಅಂದೆ. “ಇರ್ಲಿ ಅಣ್ಣಾ, ಕಾಪಿ ಮುಗೀಲಿ” ಅಂತ ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತ.