ಕೊನೆಭಾಗದ ರೈತರು ನಾವಿಬ್ಬರೂ

ನನ್ನ ಗದ್ದೆ ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ. ಕನ್ನಂಬಾಡಿಯಿಂದ ನೀರು ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದು ವಾರ ಕಳೆದರೂ ನಮ್ಮ ತೂಬು ಒಣಗಿಯೇ ಇರುತ್ತದೆ. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು 1991ರಲ್ಲಿ ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಾಗ ರಸ್ತೆ ತಡೆಗೆ ಕುಳಿತವರಲ್ಲಿ ನಾನೂ ಒಬ್ಬ. ತಮಿಳುನಾಡಿನ ರೈತ ಎಂದರೆ ನನ್ನ ಮಟ್ಟಿಗೆ ಮೂರು ಬೆಳೆ ತೆಗೆಯುವವನು, ನೆಲದಡಿ ಬೇಕಾದಷ್ಟು ನೀರಿದ್ದೂ ನಮ್ಮ ಅಣೆಕಟ್ಟೆಯ ಮೇಲೆ ಕಣ್ಣಿಟ್ಟವನು. ಅಂಥ ಒಬ್ಬನನ್ನೂ ನಾನು ಮುಖಾಮುಖಿ ನೋಡಿರಲಿಲ್ಲ.

2002ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷ ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರಯತ್ನದಿಂದ ಎರಡೂ ರಾಜ್ಯಗಳ ರೈತರು ಒಂದೆಡೆ ಕುಳಿತು ಮಾತನಾಡಲು ಆರಂಭಿಸಿದರು. ಅದಕ್ಕೆ ‘ಕಾವೇರಿ ಕುಟುಂಬ’ ಎಂಬ ಹೆಸರು ಬಂತು. ಆ ದಿನಗಳ ಓಡಾಟದಲ್ಲಿ ನಾನೂ ಸೇರಿಕೊಂಡೆ. ನಿಜ ಹೇಳಬೇಕೆಂದರೆ, ನಮ್ಮ ವಾದ ಗೆಲ್ಲಿಸಿ ಬರಬೇಕೆಂದೇ ಹೊರಟಿದ್ದೆ.

ಮೊದಲ ದಿನ ಮಾತುಕತೆ ಕೆಟ್ಟಿತು. ಮೈಸೂರು-ಮದ್ರಾಸ್ ನಡುವಿನ 1924ರ ಒಪ್ಪಂದ, ಟಿಎಂಸಿ, ಕ್ಯುಸೆಕ್ಸ್ ಎಂದು ಇಬ್ಬರೂ ವಕೀಲರಂತೆ ಕೂಗಾಡಿದೆವು. ಊಟದ ಹೊತ್ತಿಗೆ ಪಕ್ಕದಲ್ಲಿ ಕುಳಿತ ನಾಗಪಟ್ಟಿಣದ ಕಡೆಯ ಹಿರಿಯ ರೈತರೊಬ್ಬರು ನನ್ನನ್ನು ಏನೋ ಕೇಳಿದರು. ನಮ್ಮ ತಂಡದಲ್ಲಿದ್ದ ಕೊಳ್ಳೇಗಾಲದ ಗೆಳೆಯ ಎರಡೂ ಭಾಷೆ ಬಲ್ಲವನು. ‘ನೀವು ಸಸಿಗೆ ಒಟ್ಲು ಹಾಕುವುದು ಯಾವ ತಿಂಗಳು ಎನ್ನುತ್ತಿದ್ದಾರೆ’ ಎಂದ. ಹನ್ನೆರಡು ವರ್ಷಗಳಲ್ಲಿ ಆ ಕಡೆಯಿಂದ ನನಗೆ ಬಂದ ಮೊದಲ ಪ್ರಶ್ನೆ ಅದು. ಉತ್ತರ ಕೊಟ್ಟೆ. ಆಮೇಲೆ ಅವರ ಕುರುವೈ, ಸಾಂಬಾ ಎಂಬ ಭತ್ತದ ಬೆಳೆಗಳ ಲೆಕ್ಕ ನಾನು ಕೇಳಿದೆ. ನೆಲ್ಲು, ಪೈರು, ಕಳೆ ಎಂಬ ಮಾತುಗಳಿಗೆ ಗೆಳೆಯನ ನೆರವೂ ಬೇಕಾಗಲಿಲ್ಲ.

ಅಂದಿನಿಂದ ನಾನು ಒಂದು ಕ್ರಮ ಇಟ್ಟುಕೊಂಡೆ. ಗದ್ದೆ ನೋಡುವವರೆಗೆ ನ್ಯಾಯಾಲಯದ ಮಾತು ಎತ್ತಬಾರದು. ಅವರು ಹೇಳಿದ್ದನ್ನು ನಾನು ಮೊದಲು ನನ್ನ ಮಾತಿನಲ್ಲಿ ತಿರುಗಿ ಹೇಳಬೇಕು, ಅವರು ಸರಿ ಎಂದ ಮೇಲೆಯೇ ಉತ್ತರಿಸಬೇಕು. ಗೆಳೆಯನಿಗೂ ಹೇಳಿದೆ: ಖಾರದ ಮಾತು ಬಂದರೂ ಸಕ್ಕರೆ ಸವರದೆ ಹಾಗೆಯೇ ದಾಟಿಸು. ಸಿಟ್ಟನ್ನು ಬಚ್ಚಿಟ್ಟರೆ ಎದುರಿನವರಿಗೆ ನಂಬಿಕೆ ಹುಟ್ಟುವುದಿಲ್ಲ.

ಆ ಹಿರಿಯರ ಊರಿಗೆ ಹೋದಾಗ ಗದ್ದೆಗಳು ಬೀಳು ಬಿದ್ದಿದ್ದವು. ‘ಬೋರ್‌ವೆಲ್ ಕೊರೆಸಬಹುದಲ್ಲವೇ?’ ಎಂದು ಕೇಳಿಯೇ ಬಿಟ್ಟೆ. ಅದು ನನ್ನ ಹಳೆಯ ವಾದ. ಅವರು ಮಾತಾಡಲಿಲ್ಲ. ಕೈಪಂಪಿನಿಂದ ಒಂದು ಚೊಂಬು ನೀರು ಹಿಡಿದು ನನ್ನ ಕೈಗಿತ್ತರು. ಬಾಯಿಗೆ ಹಾಕಿದೆ, ನುಂಗಲಾಗಲಿಲ್ಲ. ಉಪ್ಪು. ಸಮುದ್ರ ಒಳಗೊಳಗೇ ನುಗ್ಗಿ ನೆಲದಡಿಯ ನೀರನ್ನು ಕೆಡಿಸಿತ್ತು. ತಂಜಾವೂರಿನ ಮೇಲ್ಭಾಗದಲ್ಲಿ ಒಳ್ಳೆಯ ಅಂತರ್ಜಲ ಇರುವುದು ನಿಜ, ಆ ವಾದವನ್ನು ನಾನು ಈಗಲೂ ಬಿಟ್ಟಿಲ್ಲ. ಆದರೆ ಈ ಮನುಷ್ಯನಿಗೆ ಅದರಲ್ಲಿ ಒಂದು ಹನಿಯೂ ಸಿಗುವುದಿಲ್ಲ. ಮೆಟ್ಟೂರು ಅಣೆಕಟ್ಟೆ ತೆರೆದರೂ ಮೇಲಿನ ಕಾಲುವೆಗಳೆಲ್ಲ ತುಂಬಿ ಉಳಿದರೆ ಮಾತ್ರ ಅವರ ಪಾಲು. ಅದನ್ನು ಅವರು ವಿವರಿಸುವಾಗ ನನ್ನ ತೂಬೇ ಕಣ್ಣ ಮುಂದೆ ಬಂತು.

ಅವರು ಮಂಡ್ಯಕ್ಕೆ ಬಂದಾಗ ನಾನು ಕರೆದೊಯ್ದದ್ದು ಅಣೆಕಟ್ಟೆಗಲ್ಲ, ನನ್ನ ಗದ್ದೆಗೆ. ಕರ್ನಾಟಕದವರು ನೀರು ತುಂಬಿಸಿಟ್ಟುಕೊಂಡು ಕೊಡುವುದಿಲ್ಲ ಎಂದು ಅವರೂ ನಂಬಿದ್ದರು. ನಾಲೆಯಲ್ಲಿ ಇಳಿದು, ಬಿರುಕು ಬಿಟ್ಟ ಕೆಸರಿನ ಹೆಂಟೆಯೊಂದನ್ನು ಎತ್ತಿ ಕೈಯಲ್ಲಿ ಪುಡಿ ಮಾಡಿದರು. ‘ಮೇಲಿನವರು ನಿಮಗೂ ಬಿಡುವುದಿಲ್ಲವೇ?’ ಎಂದು ಕೇಳಿದರು. ಪಾಂಡವಪುರದ ಕಡೆಯವರೊಡನೆ ನಮಗಿದ್ದ ಜಗಳವನ್ನೆಲ್ಲ ಅಂದು ಅವರಿಗೆ ಹೇಳಿಕೊಂಡೆ. ಊರಿನವರ ಮುಂದೆಯೂ ಅಷ್ಟು ಬಿಚ್ಚಿ ಹೇಳಿರಲಿಲ್ಲ.

ಊರಿನಲ್ಲಿ ಕೆಲವರು ನನ್ನನ್ನು ದ್ರೋಹಿ ಎಂದರು. ನೋವಾಯಿತು. ಮಳೆ ಕೊರತೆಯ ವರ್ಷದಲ್ಲಿ ನೀರು ಹಂಚುವ ಸೂತ್ರವೂ ನಮ್ಮ ಮಾತುಕತೆಯಿಂದ ಹೊರಬರಲಿಲ್ಲ. ಕೊನೆಗೆ 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಿಸಿತು. ಅಷ್ಟಾದರೂ ಸಂಕಷ್ಟದ ವರ್ಷದ ಪ್ರಶ್ನೆ ಹಾಗೆಯೇ ಇದೆ. ನಾನು ಹೋರಾಟ ಬಿಟ್ಟಿಲ್ಲ, 2023ರಲ್ಲೂ ಮಂಡ್ಯದ ಧರಣಿಯಲ್ಲಿ ಕುಳಿತಿದ್ದೆ. ಆದರೆ ತಮಿಳರನ್ನು ಬೈಯುವ ಘೋಷಣೆ ಎದ್ದಾಗ ನನ್ನ ದನಿ ಸೇರಿಸುವುದಿಲ್ಲ, ಪಕ್ಕದ ಹುಡುಗರಿಗೂ ಬೇಡ ಎನ್ನುತ್ತೇನೆ.

2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್‌ಗಳು ಹೊತ್ತಿ ಉರಿದವು. ಆ ರಾತ್ರಿ ನನ್ನ ಮೊಬೈಲ್‌ಗೆ ನಾಗಪಟ್ಟಿಣದ ಆ ಹಿರಿಯರ ಕರೆ ಬಂತು. ನಡುವೆ ಮಾತು ದಾಟಿಸುವವರು ಯಾರೂ ಇರಲಿಲ್ಲ. ಮನೆಯವರೆಲ್ಲ ಸುಖವೇ ಎಂದು ಅವರು ತಮಿಳಿನಲ್ಲಿ ಕೇಳಿದ್ದು ಅರ್ಥವಾಯಿತು. ಸುಖವಾಗಿದ್ದೇವೆ ಎಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರು ಕೇಳಿದರು, ಅಲ್ಲಿ ಮಳೆ ಬಂತೇ ಎಂದು.