ಒಂದು ಮಿಲಿಮೀಟರ್ ಉಂಗುರ: ರೇಂಜ್‌ಫೈಂಡರ್‌ಗೆ ಹಳೆ ಸ್ಕ್ರೂ ಲೆನ್ಸ್ ಹಾಕಿದ ನನ್ನ ಅನುಭವ

ನನ್ನದು ಲೈಕಾ ಎಂ2, ಫಿಲ್ಮ್ ಹಾಕುವ ರೇಂಜ್‌ಫೈಂಡರ್ ಕ್ಯಾಮೆರಾ. ಅಂದರೆ ವ್ಯೂಫೈಂಡರ್‌ನಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದಾಗಿ ಕೂಡಿಸಿ ಫೋಕಸ್ ಮಾಡುವಂಥದ್ದು. 1957ರಲ್ಲಿ ಬಂದ ಮಾದರಿ. ಬ್ಯಾಟರಿ ಇಲ್ಲ, ಒಳಗೆ ಬೆಳಕು ಅಳೆಯುವ ಮೀಟರ್ ಇಲ್ಲ. ಅದಕ್ಕೆ ನಾನು ಜಾಸ್ತಿ ಹಾಕುವುದು ತುಸು ತಿರುಗಿಸಿ ಸಿಕ್ಕಿಸುವ ಎಂ ಮೌಂಟಿನ ಲೆನ್ಸ್‌ಗಳನ್ನಲ್ಲ, ಅದಕ್ಕೂ ಹಿಂದಿನ ಕಾಲದ 39 ಎಂಎಂ ಸ್ಕ್ರೂ ಲೆನ್ಸ್‌ಗಳನ್ನು. ಬೆಲೆ ಕಡಿಮೆ ಅನ್ನುವುದು ಒಂದು ಕಾರಣ. ಚಿತ್ರದಲ್ಲಿ ಅವು ಬೆಳಕನ್ನು ಹಿಡಿಯುವ ರೀತಿ ನನಗೆ ಇಷ್ಟ ಅನ್ನುವುದೇ ದೊಡ್ಡ ಕಾರಣ.

ಹಳೆ ಸ್ಕ್ರೂ ಮೌಂಟ್ ಲೈಕಾಗಳಲ್ಲಿ ಲೆನ್ಸ್ ಕೂರುವ ಜಾಗದಿಂದ ಫಿಲ್ಮ್‌ಗೆ 28.8 ಮಿಲಿಮೀಟರ್ ದೂರ. 1954ರಲ್ಲಿ ಎಂ ಸಾಲಿನ ಮೊದಲ ಕ್ಯಾಮೆರಾ ಎಂ3 ಬಂದಾಗ ಅದನ್ನು 27.8ಕ್ಕೆ ಇಳಿಸಿದರು. ಮಧ್ಯದ ಒಂದು ಮಿಲಿಮೀಟರ್ ಅಡಾಪ್ಟರ್ ಅನ್ನುವ ತೆಳು ಉಂಗುರದ ಪಾಲು. ಉಂಗುರವನ್ನು ಲೆನ್ಸ್‌ಗೆ ತಿರುಗಿಸಿ ಬಿಗಿ ಮಾಡಿ, ಎಂ ಲೆನ್ಸ್‌ನ ಹಾಗೇ ಕ್ಯಾಮೆರಾಕ್ಕೆ ಕೂರಿಸಿದರೆ ಆಯಿತು. ರೇಂಜ್‌ಫೈಂಡರ್ ಕೂಡ ಕೆಲಸ ಮಾಡುತ್ತದೆ. ಯಾಕೆಂದರೆ ಲೆನ್ಸ್‌ನ ಹಿಂಭಾಗದ ಹಿತ್ತಾಳೆ ಅಂಚು ಉಂಗುರದ ಒಳಗಿಂದ ಹಾದು, ಕ್ಯಾಮೆರಾದ ಒಳಗಿರುವ ಪುಟ್ಟ ಗಾಲಿಯನ್ನು ನೇರವಾಗಿ ಒತ್ತುತ್ತದೆ.

ಅಡಾಪ್ಟರ್‌ನಲ್ಲಿ ಮೂರು ಬಗೆ ಇವೆ: 50/75, 35/135, 28/90. ಅಂಕಿಗಳು ಲೆನ್ಸ್‌ನ ಫೋಕಲ್ ಲೆಂತ್, ಮಿಲಿಮೀಟರ್ ಲೆಕ್ಕದಲ್ಲಿ. ವ್ಯೂಫೈಂಡರ್‌ನಲ್ಲಿ ಯಾವ ಫ್ರೇಮ್ ಗೆರೆ ಕಾಣಬೇಕು ಅನ್ನುವುದಷ್ಟೇ ಇವುಗಳ ವ್ಯತ್ಯಾಸ. ಎಂ2ನಲ್ಲಿ ಇರುವುದು 35, 50, 90ರ ಗೆರೆ ಮಾತ್ರ. ಆದ್ದರಿಂದ ನನ್ನ ಹತ್ತಿರ ಬಗೆಗೊಂದು ಉಂಗುರ ಇದೆ.

ಅಡಾಪ್ಟರ್ ದಪ್ಪ ಸರಿಯಿಲ್ಲದಿದ್ದರೆ ಫೋಕಸ್ಸೇ ಕೆಡುತ್ತದೆ ಅಂತ ತುಂಬ ಜನ ಹೆದರುತ್ತಾರೆ. 50 ಎಂಎಂ ಲೆನ್ಸ್‌ನಲ್ಲಿ ಹಾಗಾಗುವುದಿಲ್ಲ. ಉಂಗುರ ಸ್ವಲ್ಪ ದಪ್ಪ ಇದ್ದರೆ ಗಾಜೂ ಅಷ್ಟೇ ಮುಂದೆ ಹೋಗುತ್ತದೆ, ಗಾಲಿ ಒತ್ತುವ ಅಂಚೂ ಅಷ್ಟೇ ಮುಂದೆ ಹೋಗುತ್ತದೆ. ಹಾಗಾಗಿ ರೇಂಜ್‌ಫೈಂಡರ್ ಹೇಳುವುದೂ ಫಿಲ್ಮ್ ಮೇಲೆ ಬೀಳುವುದೂ ಒಂದೇ. ತೊಂದರೆ ಬರುವುದು ಇನ್‌ಫಿನಿಟಿಯಲ್ಲಿ, ಅಂದರೆ ತೀರ ದೂರದ ಫೋಕಸ್‌ನಲ್ಲಿ. ದಪ್ಪ ಉಂಗುರದಲ್ಲಿ ಲೆನ್ಸ್ ಅಲ್ಲಿಗೆ ತಲುಪುವುದೇ ಇಲ್ಲ, ತೆಳು ಉಂಗುರದಲ್ಲಿ ಅದನ್ನು ದಾಟಿ ಹೋಗುತ್ತದೆ. 35 ಮತ್ತು 90ರ ಕತೆ ಬೇರೆ. ಅವುಗಳಲ್ಲಿ ಗಾಜು ಸರಿಯುವ ಅಳತೆ ಬೇರೆ, ಅಂಚು ಸರಿಯುವ ಅಳತೆ ಬೇರೆ. ಅಲ್ಲಿ ಉಂಗುರದ ತಪ್ಪು ಫೋಕಸ್‌ಗೂ ಬರುತ್ತದೆ.

ಅಗ್ಗದ ಉಂಗುರಗಳಲ್ಲಿ ನಾನು ಕಂಡ ಇನ್ನೊಂದು ಕೊರತೆ ಥ್ರೆಡ್ ಶುರುವಾಗುವ ಜಾಗ. ಅದು ಆಚೀಚೆ ಆದರೆ ಲೆನ್ಸ್‌ನ ದೂರದ ಗುರುತು ಮೇಲೆ ನಿಲ್ಲದೆ ಪಕ್ಕಕ್ಕೆ ಹೋಗುತ್ತದೆ. ಚಿತ್ರಕ್ಕೆ ಏನೂ ಆಗುವುದಿಲ್ಲ, ಆದರೆ ದೂರ ಅಂದಾಜು ಮಾಡಿ ತೆಗೆಯುವವರಿಗೆ ಕಿರಿಕಿರಿ. ಲೈಕಾದ ಎಲ್ಮಾರ್‌ನಂಥ ಲೆನ್ಸ್‌ಗೆ ಇನ್‌ಫಿನಿಟಿಯಲ್ಲಿ ಲಾಕ್ ಆಗುವ ಗುಂಡಿ ಇರುತ್ತದೆ. ಅದು ಕೂರಲು ಉಂಗುರದ ಅಂಚಿನಲ್ಲಿ ತಗ್ಗು ಇದೆಯೇ ಅಂತ ಕೊಳ್ಳುವಾಗಲೇ ನೋಡಿ.

ಹೊಸದಾಗಿ ಬಂದ ಯಾವ ಲೆನ್ಸನ್ನೂ ನಾನು ನೇರ ಫಿಲ್ಮ್ ಮೇಲೆ ಪರೀಕ್ಷೆ ಮಾಡುವುದಿಲ್ಲ. ಎಂ2ನ ತಳ ತೆಗೆದರೆ ಹಿಂದಿನ ಬಾಗಿಲು ಮೇಲಕ್ಕೆ ತೆರೆಯುತ್ತದೆ. ಗಾಜಿನ ಅಂಗಡಿಯಲ್ಲಿ ಕತ್ತರಿಸಿ ಕೊಂಡ ಮಸುಕು ಗಾಜಿನ ತುಂಡನ್ನು ಫಿಲ್ಮ್ ಓಡುವ ಹಳಿಗಳ ಮೇಲೆ ಇಡುತ್ತೇನೆ, ಒರಟು ಬದಿ ಲೆನ್ಸ್ ಕಡೆಗೆ. ಶಟರ್ 'ಬಿ'ಗೆ (ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುವ ಗುರುತಿಗೆ) ಇಟ್ಟು, ಕೇಬಲ್ ರಿಲೀಸ್‌ನಿಂದ ತೆರೆದು ಲಾಕ್ ಮಾಡಿ, ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು ಭೂತಗನ್ನಡಿಯಲ್ಲಿ ನೋಡುವುದು. ಇನ್‌ಫಿನಿಟಿಗೆ ದೂರದ ಕಾಪು ದೀಪಸ್ತಂಭ, ಹತ್ತಿರಕ್ಕೆ ಒಂದು ಮೀಟರ್‌ನಲ್ಲಿ ಗೋಡೆಗೆ ಅಂಟಿಸಿದ ಪತ್ರಿಕೆ. ರೇಂಜ್‌ಫೈಂಡರ್‌ನಲ್ಲಿ ಎರಡು ಬಿಂಬ ಕೂಡಿದಾಗ ಗಾಜಿನ ಮೇಲೆ ಅಕ್ಷರ ಚೂಪಾಗಿರಬೇಕು. ಎಡ ಬಲ ಎರಡೂ ಬದಿ ನೋಡಬೇಕು. ಒಂದು ಬದಿ ಮಾತ್ರ ಮಸುಕಾದರೆ ಉಂಗುರ ಸಪಾಟಾಗಿಲ್ಲ, ಇಲ್ಲವೇ ಲೆನ್ಸ್ ಎಂದೋ ಬಿದ್ದು ಪೆಟ್ಟು ತಿಂದಿದೆ.

ಈ ಪರೀಕ್ಷೆ ನನಗೆ ತುಂಬ ಕೆಲಸಕ್ಕೆ ಬಂದದ್ದು ಜ್ಯುಪಿಟರ್-8ರಲ್ಲಿ. ಸೋವಿಯತ್ ಕಾಲದ 50 ಎಂಎಂ ಎಫ್ 2 ಲೆನ್ಸ್, ಜೈಸ್‌ನ ಸೊನ್ನಾರ್ ವಿನ್ಯಾಸ. ಲೈಕಾದ ರೇಂಜ್‌ಫೈಂಡರ್ 50 ಅಂದರೆ 51.6 ಎಂಎಂ ಅಂತ ಲೆಕ್ಕ ಇಟ್ಟುಕೊಂಡಿದೆ. ಜ್ಯುಪಿಟರ್ ಹಿಡಿದದ್ದು ಜೈಸ್‌ನ ಕಾಂಟ್ಯಾಕ್ಸ್ ಕ್ಯಾಮೆರಾದ ಲೆಕ್ಕ, ಅಲ್ಲಿ 52.4. ಕೇಳಲಿಕ್ಕೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಇನ್‌ಫಿನಿಟಿಯಲ್ಲಿ ನಿಜಕ್ಕೂ ಏನೂ ಅಲ್ಲ. ಆದರೆ ಒಂದು ಮೀಟರ್‌ಗೆ ಬಂದಾಗ ಫೋಕಸ್ ಸುಮಾರು ಮೂರು ಸೆಂಟಿಮೀಟರ್ ಹಿಂದೆ ಬೀಳುತ್ತದೆ. ಎಫ್ 2ರಲ್ಲಿ, ಅಂದರೆ ಕಿಂಡಿ ಪೂರ್ತಿ ತೆರೆದಾಗ, ಆ ದೂರಕ್ಕೆ ಚೂಪಾಗಿ ಸಿಗುವುದು ಹಿಂದೆ ಮುಂದೆ ಎರಡೆರಡು ಸೆಂಟಿಮೀಟರ್ ಅಷ್ಟೇ. ಅಂದರೆ ಕಣ್ಣಿಗೆ ಹಿಡಿದ ಫೋಕಸ್ ಕಿವಿಯ ಹತ್ತಿರ ಹೋಗಿ ಕೂರುತ್ತದೆ.

ನಾನು ಈ ಲೆನ್ಸನ್ನು ಹೆಚ್ಚು ಬಳಸುವುದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ. ಬಣ್ಣದ ವೇಷದವರು ಕನ್ನಡಿ ಹಿಡಿದು ಮುಖಕ್ಕೆ ಚುಟ್ಟಿ ಇಡುತ್ತಾ ಕೂತಿರುತ್ತಾರೆ. ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಬಿಳಿ ಮುಳ್ಳುಗಳು ಕೆನ್ನೆಯಿಂದ ಎದ್ದು ನಿಂತಿರುತ್ತವೆ. "ಹತ್ತಿರ ಬನ್ನಿ ಮಾರಾಯ್ರೇ, ತೊಂದ್ರೆ ಇಲ್ಲ" ಅಂತ ಪ್ರೀತಿಯಿಂದ ಕರೆಯುತ್ತಾರೆ. ಲೆನ್ಸ್ ಒಂದು ಮೀಟರ್‌ಗಿಂತ ಹತ್ತಿರ ಬರುವುದಿಲ್ಲ. ಆ ಒಂದು ಮೀಟರ್‌ನಲ್ಲೇ ಕಣ್ಣು, ಚುಟ್ಟಿಯ ತುದಿ, ಕಡ್ಡಿ ಹಿಡಿದ ಬೆರಳು ಮೂರೂ ಬೇರೆ ಬೇರೆ ದೂರದಲ್ಲಿರುತ್ತವೆ. ಎಚ್‌ಪಿ5 ಫಿಲ್ಮನ್ನು ಐಎಸ್‌ಒ 1600ಕ್ಕೆ ಏರಿಸಿದರೂ ಎಫ್ 2, 1/30 ಸೆಕೆಂಡ್ ಬೇಕೇ ಬೇಕು. ಅಪರ್ಚರ್ ಮುಚ್ಚಿ ತಪ್ಪಿಸಿಕೊಳ್ಳುವ ದಾರಿ ಅಲ್ಲಿಲ್ಲ.

ಮೊದಮೊದಲು ಮಾಡುತ್ತಿದ್ದ ಉಪಾಯ ಸರಳ: ಬಿಂಬ ಕೂಡಿಸಿ, ಮೈಯನ್ನು ತುಸು ಹಿಂದಕ್ಕೆ ಒರಗಿಸಿ ಒತ್ತುವುದು. ಅಭ್ಯಾಸವಾದರೆ ನಡೆಯುತ್ತದೆ. ಆಮೇಲೆ ಲೆನ್ಸನ್ನೇ ಸರಿ ಮಾಡಿದೆ. ಜ್ಯುಪಿಟರ್-8ರಲ್ಲಿ ಗಾಜಿನ ಭಾಗ ಫೋಕಸ್ ಭಾಗದಿಂದ ಬೇರೆಯಾಗಿ ಹೊರಗೆ ಬರುತ್ತದೆ. ಎರಡರ ಮಧ್ಯೆ ಶಿಮ್, ಅಂದರೆ ಅಂತರ ಹೊಂದಿಸುವ ತೆಳು ಲೋಹದ ಉಂಗುರ ಇರುತ್ತದೆ. ಅದರ ಜೊತೆಗೆ ತೆಳು ಹಾಳೆಯ ಇನ್ನೊಂದು ಉಂಗುರ ಸೇರಿಸಿದರೆ ಗಾಜು ಮಾತ್ರ ಮುಂದೆ ಬರುತ್ತದೆ, ಗಾಲಿ ಒತ್ತುವ ಅಂಚು ಇದ್ದಲ್ಲೇ ಇರುತ್ತದೆ. ಲೆಕ್ಕದ ಪ್ರಕಾರ ಬೇಕಾದದ್ದು ಸುಮಾರು 0.1 ಮಿಲಿಮೀಟರ್. ಆದರೆ ಈ ಲೆನ್ಸ್‌ಗಳು ಒಂದಿದ್ದ ಹಾಗೆ ಇನ್ನೊಂದಿಲ್ಲ. ಸ್ವಲ್ಪ ಸ್ವಲ್ಪ ಸೇರಿಸಿ, ಪ್ರತಿ ಸಲ ಮಸುಕು ಗಾಜಿನಲ್ಲಿ ನೋಡಿಯೇ ನಿಲ್ಲಿಸಬೇಕು. ಈಗ ಒಂದು ಮೀಟರ್‌ನಲ್ಲಿ ಕಣ್ಣಿಗೆ ಹಿಡಿದದ್ದು ಕಣ್ಣಿಗೇ ಬೀಳುತ್ತದೆ. ಬದಲಿಗೆ ದೂರದ ಬೆಟ್ಟ, ಸಮುದ್ರ ತೆಗೆಯುವಾಗ ಎಫ್ 4 ಅಥವಾ ಅದಕ್ಕಿಂತ ಚಿಕ್ಕ ಕಿಂಡಿ ಇಡಬೇಕು. ಹಗಲಲ್ಲಿ ಹೇಗೂ ಅಷ್ಟು ಮುಚ್ಚಿಯೇ ಇರುತ್ತದೆ.

ಕೊಳ್ಳುವವರು ಒಂದು ವಿಷಯ ಗಮನದಲ್ಲಿಡಿ. 39 ಎಂಎಂ ಥ್ರೆಡ್ ಇದ್ದ ಮಾತ್ರಕ್ಕೆ ಅದು ರೇಂಜ್‌ಫೈಂಡರ್ ಲೆನ್ಸ್ ಅಲ್ಲ. ಹಳೆ ಜೆನಿಟ್ ಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಲೆನ್ಸ್‌ಗಳಿಗೂ 39 ಎಂಎಂ ಥ್ರೆಡ್ಡೇ, ಆದರೆ ಅವು ಫಿಲ್ಮ್‌ನಿಂದ 45.2 ಮಿಲಿಮೀಟರ್ ದೂರ ಬೇಡುತ್ತವೆ. ಈ ಉಂಗುರಕ್ಕೆ ಚೆನ್ನಾಗಿ ಕೂರುತ್ತವೆ, ಫೋಕಸ್ ಮಾತ್ರ ಎಲ್ಲೂ ಸಿಗುವುದಿಲ್ಲ. ಡಾರ್ಕ್‌ರೂಮಿನ ಎನ್‌ಲಾರ್ಜರ್ ಲೆನ್ಸ್‌ಗಳೂ ಹಾಗೇ ತಿರುಗಿ ಕೂರುತ್ತವೆ, ಅವುಗಳಿಗೆ ಫೋಕಸ್ ರಿಂಗೇ ಇಲ್ಲ. ಜ್ಯುಪಿಟರ್-12, ಅಂದರೆ 35 ಎಂಎಂ ಎಫ್ 2.8, ಒಳ್ಳೆ ಲೆನ್ಸ್. ಆದರೆ ಅದರ ಹಿಂದಿನ ಗಾಜು ಶಟರ್ ಹತ್ತಿರದವರೆಗೂ ಚಾಚುತ್ತದೆ. ಫಿಲ್ಮ್ ಮುಂದೆ ಮೀಟರ್‌ನ ತೋಳು ಬರುವ ಲೈಕಾ ಎಂ5, ಲೈಕಾ ಸಿಎಲ್‌ಗೆ ಹಾಕಲೇಬೇಡಿ.

ಲೆನ್ಸ್ ಕೈಗೆ ಬಂದಾಗ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಕ್ಯಾನನ್ 50 ಎಂಎಂ ಎಫ್ 1.8ರಲ್ಲಿ ಅಪರ್ಚರ್‌ನ ಹಿಂದಿನ ಗಾಜಿಗೆ ಮಬ್ಬು ಕಟ್ಟುವುದು ಮಾಮೂಲು. ಬಿಟ್ಟರೆ ಅದು ಗಾಜನ್ನೇ ಕೊರೆಯುತ್ತದೆ. ಲೈಕಾದ ಸುಮ್ಮಾರ್‌ನ ಮುಂದಿನ ಗಾಜು ತೀರ ಮೆದು, ಒರೆಸಿ ಒರೆಸಿಯೇ ಗೀರಾಗಿರುತ್ತದೆ. ಹಳೆ ಎಲ್ಮಾರ್‌ನಲ್ಲಿ ಅಪರ್ಚರ್ ಅಂಕಿಗಳು 4.5, 6.3, 9, 12.5 ಅಂತ ಇರುತ್ತವೆ. ಗಾಬರಿ ಬೇಡ. ಮೀಟರ್ 5.6 ಅಂದರೆ 6.3ಕ್ಕೆ ಇಟ್ಟುಬಿಡಿ, ವ್ಯತ್ಯಾಸ ಒಂದು ಸ್ಟಾಪ್‌ನ (ಬೆಳಕು ಅರ್ಧವಾಗುವ ಒಂದು ಹೆಜ್ಜೆಯ) ಮೂರನೇ ಒಂದು ಪಾಲು.

ಉಂಗುರಕ್ಕೆ ಎರಡು ಕಾಸು ಜಾಸ್ತಿ ಹೋದರೂ ಪರವಾಗಿಲ್ಲ, ದಿನಾ ಬಳಸುವ ಪ್ರತಿ ಲೆನ್ಸ್‌ಗೂ ಒಂದೊಂದು ಕೊಂಡು ಹಾಗೇ ಬಿಡುವುದು ಒಳ್ಳೆಯದು. ಕೈಯಿಂದ ಬಿಗಿಯಾಗಿ ತಿರುಗಿಸಿ. ಸಡಿಲ ಇದ್ದರೆ ಲೆನ್ಸ್ ಬಿಚ್ಚುವಾಗ ಲೆನ್ಸ್ ಮಾತ್ರ ಕೈಗೆ ಬಂದು ಉಂಗುರ ಕ್ಯಾಮೆರಾದಲ್ಲೇ ಉಳಿಯುತ್ತದೆ. ಹಾಗಾದರೆ ಲೆನ್ಸ್ ಬಿಚ್ಚುವ ಗುಂಡಿ ಒತ್ತಿ ಹಿಡಿದು, ರಬ್ಬರ್ ತುಂಡಿನಿಂದ ಉಂಗುರವನ್ನು ಮೆಲ್ಲಗೆ ತಿರುಗಿಸಬೇಕು. ಚಾಕು, ಸ್ಕ್ರೂಡ್ರೈವರ್ ಹತ್ತಿರ ತರಬೇಡಿ.

ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದರೆ ನಮ್ಮ ಕರಾವಳಿಯಲ್ಲಿ ಮಳೆ ಹತ್ತಿರವಾಯಿತು ಅಂತಲೇ. ಗಾಜಿಗೆ ಬೂಷ್ಟು ಹಿಡಿಯುವ ಕಾಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ, ಕಾಳಿನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸುತ್ತೇನೆ. ವಾರಕ್ಕೊಮ್ಮೆ ತೆಗೆದು ಫೋಕಸ್, ಅಪರ್ಚರ್ ಎರಡನ್ನೂ ಆಚೀಚೆ ತಿರುಗಿಸಿ ಇಡುತ್ತೇನೆ. ಲೆನ್ಸ್ ಜೊತೆ ಬಂದ ಚರ್ಮದ ಡಬ್ಬಿ ಎಷ್ಟೇ ಚೆಂದ ಇರಲಿ, ಅದರಲ್ಲಿ ಮಾತ್ರ ಇಡಬೇಡಿ. ತೇವ ಮೊದಲು ಕೂರುವುದು ಚರ್ಮದಲ್ಲೇ.