ಹಂಪನಕಟ್ಟೆಯಿಂದ ಜಿನೀವಾಕ್ಕೆ ಒಂದು ವಾಕ್ಯ

ಕೊಲ್ಲಿ ರಾಷ್ಟ್ರಗಳಲ್ಲಿ ಸಿಲುಕಿಕೊಂಡವರ ಮನೆಯವರು ಮಂಗಳೂರಿನ ಹಂಪನಕಟ್ಟೆಯಲ್ಲಿರುವ ನನ್ನ ವಕೀಲಿ ಕಚೇರಿಗೆ ಬರಲಾರಂಭಿಸಿದ್ದು ಒಬ್ಬರ ಮಾತು ಕೇಳಿ ಇನ್ನೊಬ್ಬರು ಎಂಬಂತೆ. ಕಾಪು, ಬ್ರಹ್ಮಾವರ, ಉಳ್ಳಾಲ, ಬಂಟ್ವಾಳ ಎಲ್ಲಿಂದ ಬಂದರೂ ಅವರ ಕೈಯಲ್ಲಿ ಇರುತ್ತಿದ್ದುದು ಹೆಚ್ಚುಕಡಿಮೆ ಅದೇ ಕಾಗದಗಳು: ಪಾಸ್‌ಪೋರ್ಟಿನ ಜೆರಾಕ್ಸ್, ಏಜೆಂಟನಿಗೆ ಹಣ ಕೊಟ್ಟ ಚೀಟಿ, ಮೊಬೈಲಿಗೆ ಬಂದ ಒಪ್ಪಂದದ ಫೋಟೋ. ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸುವುದು, ರಾಯಭಾರ ಕಚೇರಿಗೆ ಬರೆಯುವುದು, ಅಲ್ಲಿರುವ ನಮ್ಮೂರಿನವರಿಗೆ ಫೋನು ಮಾಡುವುದು, ಇಷ್ಟರಲ್ಲೇ ಮೊದಲ ಕೆಲವು ವರ್ಷಗಳು ಕಳೆದವು. ಒಬ್ಬರು ಮರಳುವಷ್ಟರಲ್ಲಿ ಇನ್ನಿಬ್ಬರು ಸಿಲುಕಿರುತ್ತಿದ್ದರು. ಅಲ್ಲಿನ ನಿಯಮ ಬದಲಾಗದೆ ಈ ಸಾಲು ಮುಗಿಯುವುದಿಲ್ಲವೆಂದು ಖಚಿತವಾದ ಮೇಲೆ, ಇಲ್ಲಿ ಕುಳಿತು ಇನ್ನೊಂದು ದೇಶದ ಸರಕಾರವನ್ನು ತಲುಪುವುದು ಹೇಗೆಂದು ಕಲಿಯಬೇಕಾಯಿತು. ಆ ದೇಶದ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ನನ್ನ ಕಕ್ಷಿದಾರರಲ್ಲಿ ಕೆಲವರು ಇನ್ನೂ ಅಲ್ಲಿದ್ದಾರೆ.

ನಮಗೆ ದಾರಿ ತೋರಿಸಿದ್ದು ಒಂದು ಒಪ್ಪಂದದ ಕಾಗದ. ಮನೆಗೆಲಸಕ್ಕೆಂದು ಹೋದ ಹೆಂಗಸೊಬ್ಬಳು ಇಲ್ಲಿ ಸಹಿ ಮಾಡಿದ ಇಂಗ್ಲಿಷ್ ಕಾಗದದಲ್ಲಿ ತಿಂಗಳಿಗೆ 1,500 ರಿಯಾಲ್ ಎಂದಿತ್ತು. ಅಲ್ಲಿಗೆ ತಲುಪಿದ ಮೇಲೆ ಬೆರಳೊತ್ತಿಸಿಕೊಂಡ ಅರಬಿ ಕಾಗದದ ಫೋಟೋವನ್ನು ನಾನು ಹಿಗ್ಗಿಸಿ ನೋಡಿದಾಗ, ಸಂಬಳದ ಜಾಗದಲ್ಲಿ ಕಂಡದ್ದು ಒಂಬತ್ತರಂಥ ಒಂದು ಅಂಕಿ, ಅದರ ಮುಂದೆ ಎರಡು ಕರಿ ಚುಕ್ಕೆ. ಮುದ್ರಣದ ಕಲೆಯಿರಬೇಕೆಂದು ಬಿಟ್ಟುಬಿಟ್ಟಿದ್ದೆ. ಬಂದರಿನ ಮದರಸವೊಂದರ ಉಸ್ತಾದರಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿಕೊಂಡು, “ಇದು ಒಂಬತ್ತಲ್ಲ ವಕೀಲ್ರೇ, ಒಂಬೈನೂರು. ಈ ಚುಕ್ಕೆ ಉಂಟಲ್ಲ, ಅದೇ ಸೊನ್ನೆ” ಎಂದರು. ಅವರೇ ಉಳಿದ ಕಾಗದಗಳನ್ನೂ ಓದಿಕೊಟ್ಟರು. ಹನ್ನೊಂದು ಪ್ರಕರಣಗಳಲ್ಲಿ ಏಳರಲ್ಲಿ ಅರಬಿ ಪ್ರತಿಯ ಸಂಬಳ ಕಡಿಮೆಯಿತ್ತು. ಹಿಂಸೆ, ಹಸಿವು, ಬೀಗ ಹಾಕಿದ ಬಾಗಿಲುಗಳ ಬಗ್ಗೆ ಮನೆಯವರು ಹೇಳಿದ್ದೆಲ್ಲ ನಿಜವೇ ಆದರೂ ಅದಕ್ಕೆ ದಾಖಲೆ ಒದಗಿಸುವುದು ಕಷ್ಟ. ಒಂದೇ ಕೆಲಸಕ್ಕೆ ಎರಡು ಒಪ್ಪಂದಗಳಿದ್ದವು ಎಂಬುದನ್ನಾದರೋ ಯಾರೂ ಅಲ್ಲಗಳೆಯುವಂತಿರಲಿಲ್ಲ.

ವಿಶ್ವಸಂಸ್ಥೆಯ ಪ್ರತಿಯೊಂದು ಸದಸ್ಯರಾಷ್ಟ್ರದ ಮಾನವ ಹಕ್ಕುಗಳ ಸ್ಥಿತಿಗತಿಯನ್ನು ಇತರ ರಾಷ್ಟ್ರಗಳು ಸರದಿಯಂತೆ ಪರಾಮರ್ಶಿಸುವ ವ್ಯವಸ್ಥೆಯೊಂದು 2008ರಿಂದ ಜಿನೀವಾದಲ್ಲಿ ನಡೆದುಬಂದಿದೆ. ಇದಕ್ಕೆ ಯುಪಿಆರ್ (ಯೂನಿವರ್ಸಲ್ ಪೀರಿಯಾಡಿಕ್ ರಿವ್ಯೂ) ಎನ್ನುತ್ತಾರೆ. ಸುಮಾರು ನಾಲ್ಕೂವರೆ ವರ್ಷಕ್ಕೊಮ್ಮೆ ಸರದಿ ಬರುತ್ತದೆ. ಪ್ರತಿ ದೇಶಕ್ಕೆ ಮೂರೂವರೆ ಗಂಟೆ. ಸರಕಾರದ ವರದಿ ಮತ್ತು ವಿಶ್ವಸಂಸ್ಥೆಯ ಸಂಕಲನದ ಜೊತೆಗೆ, ನಮ್ಮಂಥವರು ಕಳಿಸಿದ ಮಾಹಿತಿಯ ಸಾರಾಂಶವೂ ಪ್ರತಿನಿಧಿಗಳ ಮುಂದಿರುತ್ತದೆ. ಹೀಗೆ ಬರೆದು ಕಳಿಸಲು ವಿಶ್ವಸಂಸ್ಥೆಯ ಮಾನ್ಯತೆ ಬೇಕಿಲ್ಲ ಎಂಬುದು ಗೊತ್ತಾದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಒಂದೇ ಸಂಸ್ಥೆಯಾದರೆ 2,815 ಪದಗಳ ಮಿತಿ. ಹಲವರು ಸೇರಿ ಬರೆದರೆ 5,630. ಕೇರಳ ಮತ್ತು ತೆಲಂಗಾಣದ ಎರಡು ಸಣ್ಣ ಗುಂಪುಗಳನ್ನು ಜೊತೆಗೆ ಸೇರಿಸಿಕೊಂಡು ನಾವು ಎರಡನೆಯದನ್ನೇ ಆರಿಸಿಕೊಂಡೆವು.

ನಾನು ಬರೆದ ಮೊದಲ ಕರಡು ಕೋರ್ಟಿನಲ್ಲಿ ವಾದಿಸುವವನ ಕರಡು. ಗುಲಾಮಗಿರಿ ಎಂಬ ಪದ ಪುಟಕ್ಕೆ ಎರಡು ಸಲ ಬರುತ್ತಿತ್ತು, ಕೊನೆಯಲ್ಲಿ ‘ಕಫಾಲಾ ಪದ್ಧತಿಯನ್ನು ತಕ್ಷಣ ರದ್ದುಗೊಳಿಸಬೇಕು’ ಎಂಬ ಒಂದೇ ಬೇಡಿಕೆ ಇತ್ತು. ವಲಸೆ ಕಾರ್ಮಿಕರ ವಾಸ್ತವ್ಯವನ್ನೂ ಕೆಲಸವನ್ನೂ ಯಜಮಾನನ ಒಪ್ಪಿಗೆಗೆ ಕಟ್ಟಿಹಾಕುವ ಪದ್ಧತಿಯೇ ಕಫಾಲಾ. ದೆಹಲಿಯಲ್ಲಿರುವ ರಾಯಭಾರ ಕಚೇರಿಯೊಂದರ ಅಧಿಕಾರಿಯನ್ನು ಕಂಡಾಗ ಅವರು ಅದನ್ನು ಪೂರ್ತಿ ಓದಿ, ಜಿನೀವಾದ ಪರಾಮರ್ಶೆಯ ಸಭೆಯಲ್ಲಿ ತಮ್ಮ ದೇಶಕ್ಕೆ ಸಿಗುವುದು ಒಂದು ನಿಮಿಷದ ಆಸುಪಾಸು ಮಾತ್ರವೆಂದೂ, ಆ ನಿಮಿಷದಲ್ಲಿ ತಮ್ಮ ಪ್ರತಿನಿಧಿಯ ಬಾಯಿಂದ ಯಾವ ವಾಕ್ಯ ಬರಬೇಕೆಂದು ನೀವೇ ಬರೆದುಕೊಡಿರೆಂದೂ ಹೇಳಿದರು. ಮರಳುವಾಗ ರೈಲಿನಲ್ಲಿ ಕುಳಿತು ಪ್ರಯತ್ನಿಸಿದೆ, ಬರಲಿಲ್ಲ. ಕಫಾಲಾ ರದ್ದಾಗಬೇಕೆಂದರೆ ಸರಿ, ಆದರೆ ನಾಳೆ ಬೆಳಿಗ್ಗೆ ಅಲ್ಲಿನ ಕಾರ್ಮಿಕ ಇಲಾಖೆಯ ಗುಮಾಸ್ತ ಏನನ್ನು ಬೇರೆಯಾಗಿ ಮಾಡಬೇಕೆಂಬುದು ಆ ಬೇಡಿಕೆಯಲ್ಲಿ ಇರಲಿಲ್ಲ.

ಮನೆಗೆ ಬಂದು ಬರೆದದ್ದು ಹೀಗಿತ್ತು: ‘ಮನೆಗೆಲಸದವರೂ ಸೇರಿದಂತೆ ಎಲ್ಲ ವಲಸೆ ಕಾರ್ಮಿಕರಿಗೆ, ಸರಕಾರದಲ್ಲಿ ನೋಂದಣಿಯಾದ ಒಪ್ಪಂದದ ಪ್ರತಿಯನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಕೆಲಸಕ್ಕೆ ಸೇರುವ ಮೊದಲೇ ಒದಗಿಸಬೇಕು.’ ಎರಡನೆಯ ಬೇಡಿಕೆ, ಯಜಮಾನನ ಒಪ್ಪಿಗೆಯಿಲ್ಲದೆ ಮನೆಗೆಲಸದವರು ದೇಶ ಬಿಟ್ಟು ಹೊರಡಲು ಅವಕಾಶ. ಮೊದಲನೆಯದನ್ನು ಒಪ್ಪಿಕೊಂಡರೆ ಆ ಸರಕಾರಕ್ಕೆ ಮುಖಭಂಗವಿಲ್ಲ. ಎರಡನೆಯದಕ್ಕೆ ತಕರಾರು ಬರುವುದೆಂದು ಗೊತ್ತಿದ್ದೇ ಸೇರಿಸಿದೆವು.

ಯಾರ ಬಾಯಿಂದ ಹೇಳಿಸುವುದು ಎಂಬುದು ಏನು ಹೇಳಿಸುವುದು ಎಂಬಷ್ಟೇ ತೂಕದ ಪ್ರಶ್ನೆ. ಭಾರತವೂ ಇದೇ ಪರಾಮರ್ಶೆಗೆ 2008, 2012, 2017 ಮತ್ತು 2022ರಲ್ಲಿ ಒಳಗಾಗಿದೆ. ಇಂದು ಕಟುವಾಗಿ ಕೇಳಿದವರಿಗೆ ನಾಳೆ ಅದೇ ಧಾಟಿಯ ಪ್ರಶ್ನೆ ಬರುತ್ತದೆ. ಅದಲ್ಲದೆ ಮನೆಗೆಲಸದವರಿಗೆ ಸಂಬಂಧಿಸಿದ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ 189ನೇ ಒಡಂಬಡಿಕೆಯನ್ನು ನಮ್ಮ ದೇಶ ಇನ್ನೂ ಸ್ಥಿರೀಕರಿಸಿಲ್ಲ. ನಾವು ಬಾಯಿ ತೆರೆದರೆ ‘ಮೊದಲು ನಿಮ್ಮ ಮನೆ ನೋಡಿಕೊಳ್ಳಿ’ ಎನ್ನುವುದು ಸುಲಭ. ಫಿಲಿಪೀನ್ಸ್ ಅದನ್ನು 2012ರಲ್ಲೇ ಸ್ಥಿರೀಕರಿಸಿದೆ, ಅದರ ಪ್ರಜೆಗಳೂ ಅದೇ ಮನೆಗಳಲ್ಲಿ ದುಡಿಯುತ್ತಾರೆ. ಆದ್ದರಿಂದ ಅಂಥ ದೇಶಗಳ ರಾಯಭಾರ ಕಚೇರಿಗಳಿಗೆ ಎರಡನೆಯ ಬೇಡಿಕೆಯನ್ನೂ, ಪರಾಮರ್ಶೆಗೆ ಒಳಗಾಗುವ ದೇಶದೊಡನೆ ಸ್ನೇಹದಿಂದಿರುವ ದೇಶಗಳಿಗೆ ಮೊದಲನೆಯದನ್ನೂ ಕಳಿಸಿದೆವು. ಹದಿನಾಲ್ಕು ಕಚೇರಿಗಳಲ್ಲಿ ಉತ್ತರ ಬರೆದವು ಐದು.

ಬೀದಿಗಿಳಿದು ಕೂಗಬೇಕೋ ಒಳಗೊಳಗೆ ಮಾತಾಡಬೇಕೋ ಎಂಬ ಜಗಳ ನಮ್ಮ ಮೂರು ಗುಂಪುಗಳ ನಡುವೆ ಕೊನೆಯವರೆಗೂ ಮುಗಿಯಲಿಲ್ಲ. ಕತಾರಿನ ಉದಾಹರಣೆಯನ್ನು ಎರಡೂ ಪಕ್ಷದವರು ತಮ್ಮ ಪರವಾಗಿ ಎತ್ತುತ್ತಿದ್ದರು. 2014ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವಾರ್ಷಿಕ ಸಮ್ಮೇಳನದ ಕಾರ್ಮಿಕ ಪ್ರತಿನಿಧಿಗಳು ಆ ದೇಶದ ವಿರುದ್ಧ ವಿಧ್ಯುಕ್ತ ದೂರು ಕೊಟ್ಟರು; ತನಿಖಾ ಆಯೋಗ ನೇಮಕವಾಗಬಹುದೆಂಬ ಆತಂಕ ಮೂರು ವರ್ಷ ತೂಗಾಡುತ್ತಿತ್ತು; ಕತಾರ್ ಸುಧಾರಣೆಯ ಕಾರ್ಯಕ್ರಮವೊಂದಕ್ಕೆ ಒಪ್ಪಿದ ಮೇಲೆ 2017ರ ನವೆಂಬರಿನಲ್ಲಿ ದೂರನ್ನು ಮುಚ್ಚಲಾಯಿತು. 2018ರಲ್ಲಿ ದೋಹಾದಲ್ಲಿ ಸಂಘಟನೆಯ ಕಚೇರಿ ತೆರೆಯಿತು, ಅದೇ ವರ್ಷ ಬಹುಪಾಲು ಕಾರ್ಮಿಕರಿಗೆ ನಿರ್ಗಮನ ಪರವಾನಗಿ (ದೇಶ ಬಿಡಲು ಬೇಕಿದ್ದ ಯಜಮಾನನ ಒಪ್ಪಿಗೆ) ರದ್ದಾಯಿತು, 2020ರಲ್ಲಿ ಮನೆಗೆಲಸದವರಿಗೂ ಆ ರದ್ದತಿ ವಿಸ್ತರಿಸಿತು. ಫುಟ್‌ಬಾಲ್ ವಿಶ್ವಕಪ್ಪಿನ ಕಣ್ಣು ಮೇಲಿತ್ತೆಂಬುದೂ ನಿಜ. ನನ್ನ ಮಟ್ಟಿಗೆ, ದೂರಿನ ಭಯ ಇಲ್ಲದಿದ್ದರೆ ಕತಾರ್ ಮಾತಿಗೆ ಬರುತ್ತಿರಲಿಲ್ಲ. ದೂರು ಮುಚ್ಚುವ ದಾರಿಯನ್ನು ತೋರಿಸದಿದ್ದರೆ ಮಾತು ಮುಂದುವರಿಯುತ್ತಿರಲಿಲ್ಲ.

ವ್ಯಕ್ತಿಯನ್ನು ಬಿಡಿಸಿ ತರುವ ಕೆಲಸವನ್ನೂ ನೀತಿ ಬದಲಿಸುವ ಕೆಲಸವನ್ನೂ ನಾನು ಬೆರೆಸಲಿಲ್ಲ. ಒಂಬೈನೂರು ರಿಯಾಲಿನ ಆ ಹೆಂಗಸಿನ ಅಳುವ ವಿಡಿಯೋ ಬೇಕೆಂದು ಟಿವಿ ವಾಹಿನಿಯೊಂದು ವಾರಗಟ್ಟಲೆ ಕಾಡಿತು. ಅವಳ ನಿರ್ಗಮನದ ಕಾಗದ ಕೈಸೇರುವವರೆಗೆ ಕೊಡುವುದಿಲ್ಲವೆಂದೆ, ಆಮೇಲೆ ಅವರಿಗೇ ಬೇಡವಾಯಿತು. ಜಿನೀವಾದ ಜಾಲತಾಣದಲ್ಲಿ ನಮ್ಮ ಬರಹ ಎಲ್ಲರಿಗೂ ಕಾಣುವಂತೆ ಪ್ರಕಟವಾಗುವುದರಿಂದ ಯಾರ ಹೆಸರನ್ನೂ, ಊರನ್ನೂ, ಯಜಮಾನನ ಗುರುತನ್ನೂ ಹಾಕಿರಲಿಲ್ಲ. ಅವಳ ತಾಯಿ ಕಚೇರಿಗೆ ಬಂದು, “ಇದರಲ್ಲಿ ನನ್ನ ಮಗಳು ಎಲ್ಲಿದ್ದಾಳೆ ವಕೀಲ್ರೇ?” ಎಂದು ಕೇಳಿದಾಗ ಆ ಬರಹದಲ್ಲಿದ್ದ ಕೋಷ್ಟಕದ ಐದನೆಯ ಸಾಲನ್ನು ತೋರಿಸಿದೆ. ಅಲ್ಲಿದ್ದುದು ಎರಡು ಸಂಖ್ಯೆಗಳು ಮಾತ್ರ. ಅವರಿಗೆ ಅದು ಸಮಾಧಾನ ಕೊಡಲಿಲ್ಲ. ಕೊಡಬೇಕೆಂದು ನಾನೂ ನಿರೀಕ್ಷಿಸಿರಲಿಲ್ಲ.

ಪರಾಮರ್ಶೆಯ ದಿನ ಮಧ್ಯಾಹ್ನ ಕೋರ್ಟಿನಿಂದ ಓಡಿಬಂದು, ಊಟದ ಡಬ್ಬಿ ತೆರೆದಿಟ್ಟುಕೊಂಡು, ನೇರ ಪ್ರಸಾರ ನೋಡಿದೆವು. ಒಂದರ ಹಿಂದೊಂದು ದೇಶ ಅಭಿನಂದನೆ ಹೇಳಿ ಮುಗಿಸುತ್ತಿತ್ತು. ಅಂತೂ ನಮ್ಮ ಎರಡೂ ಬೇಡಿಕೆಗಳು ಬಂದವು. ಎರಡನೆಯದು ನಾವು ಬರೆದಂತೆಯೇ ಬಂತು. ಮೊದಲನೆಯದು ಮಾತ್ರ ‘ಒಪ್ಪಂದದ ಮಾಹಿತಿ ಒದಗಿಸುವ ಪ್ರಯತ್ನಗಳನ್ನು ಮುಂದುವರಿಸಬೇಕು’ ಎಂದು ಮೆತ್ತಗಾಗಿತ್ತು. ಮುಂದುವರಿಸಬೇಕು ಎಂದರೆ ಈಗಾಗಲೇ ನಡೆದಿದೆ ಎಂದು ಒಪ್ಪಿಕೊಂಡಂತೆ. ಯುಪಿಆರ್‌ನಲ್ಲಿ ಶಿಫಾರಸನ್ನು ಯಾರೂ ತಿರಸ್ಕರಿಸುವುದಿಲ್ಲ, ‘ಬೆಂಬಲಿಸಿದೆ’ ಅಥವಾ ‘ಗಮನಿಸಿದೆ’ ಎನ್ನುತ್ತಾರೆ, ಅಷ್ಟೆ. ಆ ಸರಕಾರ ಮೊದಲನೆಯದನ್ನು ಬೆಂಬಲಿಸಿತು, ಎರಡನೆಯದನ್ನು ಗಮನಿಸಿತು.

ಅಂದಿನಿಂದ ನಾನು ಬರೆಯುವ ಪ್ರತಿ ದೂರಿನ ಮೊದಲ ಪ್ಯಾರಾದಲ್ಲಿ, ತಮ್ಮ ಸರಕಾರ ಬೆಂಬಲಿಸಿರುವ ಶಿಫಾರಸಿನ ಸಂಖ್ಯೆ ಇಂಥದ್ದು, ಅದರಂತೆ ಈ ಕಾರ್ಮಿಕಳಿಗೆ ಒಪ್ಪಂದದ ಮಾಹಿತಿ ಯಾವ ದಿನ, ಯಾವ ಭಾಷೆಯಲ್ಲಿ ಸಿಕ್ಕಿತು ಎಂದು ತಿಳಿಸಿರಿ ಎಂದು ಕೇಳುತ್ತೇನೆ. ಕೆಲವು ಪತ್ರಗಳಿಗೆ ಉತ್ತರ ಬರುತ್ತದೆ. ಮುಂದಿನ ಸರದಿಗೆ ಕಳಿಸಬೇಕಾದ ಕರಡಿನಲ್ಲಿ ‘ಸಂಬಳವನ್ನು ಅಂಕಿಯಲ್ಲಷ್ಟೇ ಅಲ್ಲದೆ ಅಕ್ಷರದಲ್ಲಿಯೂ ನಮೂದಿಸಿ’ ಎಂಬ ನಾಲ್ಕೈದು ಪದಗಳನ್ನು ಸೇರಿಸಲು ಹೇಳಿದವರು ಉಸ್ತಾದರು.